ರಂಗದ ನಗೆ, ಬೆಳ್ಳಿತೆರೆಯ ನಗೆ



ರಂಗದ ಮೇಲೆ ಸಾವಿರಾರು ಜನರನ್ನು ನಗಿಸಿದ ನಾಟಕವು ಚಲನಚಿತ್ರವಾದರೆ ಆ ನಗೆಯೂ ಅದರ ಸಂಗಡ ಬರುವುದೇ? ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರುಗಳಂತಹ ಊರುಗಳಲ್ಲಿ ಕಂಪನಿ ನಾಟಕವನ್ನೂ ಸಿನಿಮಾವನ್ನೂ ಕಂಡವರು ಈ ಪ್ರಶ್ನೆಯ ಮರ್ಮವನ್ನು ಬಲ್ಲರು.

ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ 1926ರಲ್ಲಿ ಬೆನ್ ಟ್ರಾವರ್ಸ್ ಎಂಬವರ ‘ರೂಕರಿ ನುಕ್’ ಪ್ರಹಸನವು ಮೊದಲಾಯಿತು. ನವವಿವಾಹಿತನೊಬ್ಬನು ಬಾಡಿಗೆಗೆ ಹಿಡಿದ ಮನೆಗೆ, ಮಲತಂದೆಯ ಕಾಟಕ್ಕೆ ಹೆದರಿದ ತರುಣಿಯೊಬ್ಬಳು ರಾತ್ರಿಯ ಉಡುಪಿನಲ್ಲಿಯೇ ಓಡಿಬರುವಳು. ಅವಳನ್ನು ಬಂಧುಗಳ ಕಣ್ಣಿನಿಂದ ಮರೆಮಾಡುವ ಪೇಚಾಟವೇ ಕಥೆ. ನಾನೂರಕ್ಕೂ ಮಿಕ್ಕ ಪ್ರಯೋಗಗಳನ್ನು ಕಂಡ ಈ ನಾಟಕವು 1930ರಲ್ಲಿ ವಾಕ್ಚಿತ್ರವಾಯಿತು. ರಂಗದಲ್ಲಿ ನಗಿಸಿದ ಟಾಮ್ ವಾಲ್ಸ್, ರಾಲ್ಫ್ ಲಿನ್, ರಾಬರ್ಟ್‌ಸನ್ ಹೇರ್ ಅವರೇ ತೆರೆಯಲ್ಲಿಯೂ ಕಾಣಿಸಿಕೊಂಡರು. ವಾಲ್ಸ್ ಅವರೇ ನಿರ್ದೇಶಕರೂ ಆದರು. ಮಾತು ಅದೇ, ನಟರು ಅವರೇ. ಇಲ್ಲದಿದ್ದುದು ಎದುರಿಗೆ ಕುಳಿತು ನಗುವ ಜನ.

ನಮ್ಮಲ್ಲಿಯೂ ಹೀಗೆಯೇ ನಡೆಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದುದು 1934ರಲ್ಲಿ. ಮರುವರ್ಷವೇ, ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ ನಾಟಕವು ರಾಜಾ ಚಂದ್ರಶೇಖರರ ನಿರ್ದೇಶನದಲ್ಲಿ ಚಿತ್ರವಾಯಿತು. ಗುಬ್ಬಿ ವೀರಣ್ಣನವರೂ ಅಶ್ವತ್ಥಮ್ಮನವರೂ ಅದರಲ್ಲಿ ಅಭಿನಯಿಸಿದರು. ‘ಸದಾರಮೆ’ ಎಂದೊಡನೆ ರಂಗಪ್ರಿಯರ ನೆನಪಿಗೆ ಬರುವುದು ವೀರಣ್ಣನವರ ಕಳ್ಳನ ಪಾತ್ರ. ಅವರ ಹಾಸ್ಯದ ಬಲವಿದ್ದುದು ಸಮಯಸ್ಫೂರ್ತಿಯಲ್ಲಿ.

ರಂಗನಟನು ನಗೆ ಏಳುವವರೆಗೆ ಕಾಯುವನು. ಅದು ಇಳಿಯುವ ಹೊತ್ತಿಗೆ ಮುಂದಿನ ಮಾತನ್ನು ಎಸೆಯುವನು. ಸಭೆಯು ಮಂಕಾಗಿದ್ದರೆ ಮಾತನ್ನು ಬೆಳೆಸುವನು, ಇಲ್ಲವೆ ಬದಲಿಸುವನು. ಅಂದಿನ ನಾಟಕವನ್ನು ಪ್ರೇಕ್ಷಕನೂ ಅರ್ಧ ರಚಿಸಿದಂತೆಯೇ ಸರಿ. ಚಿತ್ರದ ನಟನಿಗೆ ಈ ನೆರವಿಲ್ಲ. ಅವನು ನಗೆಗಾಗಿ ಬಿಡುವು ಕೊಟ್ಟರೆ, ನಗದ ಊರಿನಲ್ಲಿ ಅದು ಬರಿಯ ಮೌನವಾಗುವುದು. ಕೊಡದಿದ್ದರೆ, ನಗುವ ಊರಿನಲ್ಲಿ ಮುಂದಿನ ಮಾತೇ ಕೇಳಿಸದು. ಆದುದರಿಂದಲೇ ನಾಟಕವನ್ನು ಇದ್ದಂತೆ ತೆರೆಗೆ ಎತ್ತಿದರೆ ಸಾಲದು. ಹಾಸ್ಯಕ್ಕೆ ಹೊಸ ತಾಳವನ್ನೇ ಕಟ್ಟಬೇಕು.

ಚಿತ್ರದ ಉಪಕಾರವನ್ನು ಅಲ್ಲಗಳೆಯಲಾಗದು. ಕಂಪನಿಯು ಕಾಲಿಡದ ಊರಿಗೂ ಅದು ಹೋಗಬಲ್ಲುದು. ಕೊನೆಯ ಸಾಲಿನವನಿಗೂ ನಟನ ಹುಬ್ಬಿನ ಕೊಂಕು ಕಾಣುವುದು. ಆದರೆ ಅದು ಉಳಿಸುವುದು ಒಂದು ದಿನದ ಅಭಿನಯವನ್ನು ಮಾತ್ರ. ದಿನದಿನವೂ ಹೊಸದಾಗುತ್ತಿದ್ದ ಕಳ್ಳನ ಮಾತು 1972ರಲ್ಲಿ ವೀರಣ್ಣನವರೊಂದಿಗೇ ಹೋಯಿತು.

ಆದಕಾರಣ, ಜಾತ್ರೆಗೆ ನಾಟಕದ ಡೇರೆ ಬಂದಾಗ, ಚಿತ್ರವನ್ನು ನೋಡಿದ್ದೇವೆಂದು ಮನೆಯಲ್ಲಿ ಕುಳಿತಿರಬೇಡಿ. ಚಿತ್ರವು ನಿಮಗಾಗಿ ಕಾಯಬಹುದು, ನಟನು ಕಾಯಲಾರನು. ನಿಮ್ಮ ನಗೆಯಿಲ್ಲದೆ ಅವನ ಕಲೆ ಪೂರ್ಣವೂ ಆಗದು.