ಗುಂಡು ಹಾರಿಸಿದ ಸಹೋದರ



1986ರ ಫೆಬ್ರವರಿಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮಂಗಳೂರಿಗೆ ಬಂದದ್ದು ಆ ಕಡೆಯ ಹಿರಿಯರಿಗೆ ನೆನಪಿರಬಹುದು. ಅಂದು ಕೈಬೀಸಿದ ಆ ಮನುಷ್ಯ, ಅದಕ್ಕೆ ಐದು ವರ್ಷ ಮೊದಲು ಸಾವಿನ ಬಾಯಿಗೆ ಹೋಗಿ ಬಂದವರು.

1981ರ ಮೇ 13, ಸಂಜೆ ಐದು ದಾಟಿತ್ತು. ವ್ಯಾಟಿಕನ್‌ನ ಸಂತ ಪೇತ್ರರ ಚೌಕದಲ್ಲಿ ತೆರೆದ ಜೀಪಿನಲ್ಲಿ ಭಕ್ತರ ನಡುವೆ ಸಾಗುತ್ತಿದ್ದ ಪೋಪರ ಮೇಲೆ ಮೆಹ್ಮೆತ್ ಅಲಿ ಅಜಾ ಎಂಬ 23ರ ತುರ್ಕಿ ಯುವಕ ಗುಂಡು ಹಾರಿಸಿದ. ಹೊಟ್ಟೆ ಹೊಕ್ಕ ಗುಂಡು ಕರುಳನ್ನು ಸೀಳಿತ್ತು. ಶಸ್ತ್ರಚಿಕಿತ್ಸೆ ಐದು ಗಂಟೆಗೂ ಹೆಚ್ಚು ಹೊತ್ತು ನಡೆಯಿತು.

ನಾಲ್ಕೇ ದಿನಕ್ಕೆ, ಭಾನುವಾರ, ಆಸ್ಪತ್ರೆಯ ಹಾಸಿಗೆಯಿಂದ ಪೋಪರ ದನಿ ಕೇಳಿಬಂತು. ನನಗೆ ಗುಂಡು ಹೊಡೆದ ಸಹೋದರನಿಗಾಗಿ ಪ್ರಾರ್ಥಿಸುತ್ತೇನೆ, ಅವನನ್ನು ಮನಸಾರೆ ಕ್ಷಮಿಸಿದ್ದೇನೆ ಎಂದರು. ಗಾಯ ಇನ್ನೂ ಹಸಿಯಾಗಿತ್ತು, ವಿಚಾರಣೆ ಶುರುವಾಗಿರಲಿಲ್ಲ. ನಾವು ಸಾಮಾನ್ಯವಾಗಿ ಕ್ಷಮಿಸುವುದು ಎದುರಿನವರು ಬಂದು ‘ತಪ್ಪಾಯಿತು’ ಎಂದ ಮೇಲೆ, ಅದೂ ನಾಲ್ಕು ಮಾತು ಅಂದು ಮುಗಿಸಿಕೊಂಡು!

ಕ್ಷಮಿಸಿದರೆಂದು ಜೈಲಿನ ಬಾಗಿಲು ತೆರೆಯಲಿಲ್ಲ. ಆ ಜುಲೈನಲ್ಲಿ ಇಟಲಿಯ ನ್ಯಾಯಾಲಯ ಅಜಾನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ನನಗೆ ಇದು ಮುಖ್ಯವೆನಿಸುತ್ತದೆ. ‘ಹೋಗಲಿ ಬಿಡಿ’ ಎಂದು ತಪ್ಪನ್ನು ತೇಲಿಸಿಬಿಡುವುದನ್ನೇ ನಾವು ಎಷ್ಟೋ ಸಲ ಕ್ಷಮೆ ಎಂದುಕೊಳ್ಳುತ್ತೇವೆ. ಇಲ್ಲಿ ತಪ್ಪು ತಪ್ಪಾಗಿಯೇ ಉಳಿಯಿತು, ದ್ವೇಷ ಮಾತ್ರ ಉಳಿಯಲಿಲ್ಲ.

1983ರ ಡಿಸೆಂಬರ್ 27ರಂದು ಪೋಪರು ರೋಮಿನ ರೆಬಿಬ್ಬಿಯಾ ಜೈಲಿಗೆ ಹೋದರು. ಅಜಾನ ಕೋಣೆಯಲ್ಲಿ ಅವನ ಪಕ್ಕದಲ್ಲೇ ಕುರ್ಚಿ ಹಾಕಿ ಕುಳಿತು, ತಲೆ ತಗ್ಗಿಸಿ, ಸುಮಾರು ಇಪ್ಪತ್ತು ನಿಮಿಷ ಪಿಸುಮಾತಿನಲ್ಲಿ ಮಾತಾಡಿದರು. ಕ್ಯಾಮೆರಾಗಳಿದ್ದವು ನಿಜ, ಆ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಆದರೆ ಆಡಿದ ಮಾತು? ಅದು ನಮ್ಮಿಬ್ಬರ ನಡುವಿನ ಗುಟ್ಟು ಎಂದುಬಿಟ್ಟರು ಪೋಪರು. ಅಂದೂ ಅವನು ಕ್ಷಮೆ ಕೇಳಲಿಲ್ಲವೆಂದು ಪೋಪರ ಕಾರ್ಯದರ್ಶಿ ಮುಂದೆ ಬರೆದರು. ಕೇಳದವನಿಗೂ ಸಿಕ್ಕಿತ್ತು ಅದು.

2000ದಲ್ಲಿ ಇಟಲಿಯ ಅಧ್ಯಕ್ಷರು ಅಜಾನ ಶಿಕ್ಷೆಯನ್ನು ಮನ್ನಾ ಮಾಡಿದರು. ಆದರೂ ಬಿಡುಗಡೆ ಸಿಗಲಿಲ್ಲ. 1979ರಲ್ಲಿ ಒಬ್ಬ ಪತ್ರಿಕಾ ಸಂಪಾದಕರನ್ನು ಕೊಂದ ಲೆಕ್ಕ ತುರ್ಕಿಯಲ್ಲಿ ಬಾಕಿಯಿತ್ತು. ಅವನು ಕೊನೆಗೆ ಹೊರಬಂದದ್ದು 2010ರಲ್ಲಿ, ಪೋಪರು ತೀರಿಕೊಂಡು ಐದು ವರ್ಷವಾಗುತ್ತಾ ಬಂದಾಗ.

2014ರ ಡಿಸೆಂಬರ್ 27. ಜೈಲಿನ ಆ ಭೇಟಿಗೆ ಸರಿಯಾಗಿ 31 ವರ್ಷ. ಅಂದು ಅಜಾ ವ್ಯಾಟಿಕನ್ನಿಗೆ ಬಂದು, ಪೋಪರ ಸಮಾಧಿಯ ಮೇಲೆ ಬಿಳಿ ಗುಲಾಬಿಗಳನ್ನಿಟ್ಟ.