ಸಬ್ಬಸಿಗೆ ಪಾತಿಯ ಅತಿಥಿಗಳು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಂಘದ ಹುಟ್ಟುಹಬ್ಬದ ದಿನ, ಅದೂ ಊಟಕ್ಕೆ ಮುಂಚೆ, ಹುಳುಗಳ ಬಗ್ಗೆ ಮಾತನಾಡಲು ನಿಂತಿದ್ದೇವೆ. ದಯವಿಟ್ಟು ಕ್ಷಮಿಸಬೇಕು.

ನ್ಯೂಜೆರ್ಸಿಯ ನಮ್ಮ ಹಿತ್ತಿಲಲ್ಲಿ ಪ್ರತಿ ಬೇಸಿಗೆ ಸಬ್ಬಸಿಗೆ ಬಿತ್ತುತ್ತೇವೆ. ಅದಿಲ್ಲದ ಅಕ್ಕಿರೊಟ್ಟಿ ನಮಗೆ ರುಚಿಸದು. ಒಂದು ಜುಲೈನಲ್ಲಿ ಆ ಪಾತಿಯಲ್ಲಿ ಏಳು ಹುಳುಗಳು ಕಂಡವು: ಹಸಿರು ಮೈ, ಕಪ್ಪು ಪಟ್ಟೆ, ಹಳದಿ ಚುಕ್ಕೆ. ನಾವಿಬ್ಬರೂ ಔಷಧಿ ಹೊಡೆಯಲು ಹೊರಟೆವು. ಮಗಳು ಅಡ್ಡ ನಿಂತಳು. ಅವು ಬ್ಲ್ಯಾಕ್ ಸ್ವಾಲೋಟೇಲ್ ಚಿಟ್ಟೆಯ ಮರಿಗಳೆಂದು ಅವಳೇ ಹೇಳಿದ್ದು. 2016ರಲ್ಲಿ ಈ ರಾಜ್ಯ ತನ್ನ ಚಿಟ್ಟೆಯೆಂದು ಆರಿಸಿಕೊಂಡಿದ್ದು ಇದನ್ನೇ.

ಹುಳುಗಳು ಗಾಜಿನ ಜಾಡಿ ಸೇರಿದವು. ನಾಲ್ಕೇ ದಿನದಲ್ಲಿ ಸಬ್ಬಸಿಗೆ ಮುಗಿಯಿತು. ಸೊಪ್ಪೆಂದರೆ ಸೊಪ್ಪು ತಾನೇ ಎಂದು ಮೆಂತ್ಯ, ಕರಿಬೇವು ಹಾಕಿದೆವು. ಅವು ಮುಟ್ಟಲಿಲ್ಲ. ಎರಡು ದಿನದಲ್ಲಿ ಮೂರು ಸತ್ತವು. "ಅಮ್ಮಾ, ಇಷ್ಟೊಂದು ಎಲೆ ಇದ್ದರೂ ಯಾಕೆ ತಿನ್ನಲಿಲ್ಲ?" ಎಂದು ಮಗಳು ಅತ್ತಳು. ನಮ್ಮಲ್ಲಿ ಉತ್ತರವಿರಲಿಲ್ಲ. ಕೊನೆಗೆ ಕ್ಯಾರೆಟ್ ಗಿಡದ ಸೊಪ್ಪು ಹಾಕಿದಾಗ ಉಳಿದ ನಾಲ್ಕು ಮೇಯತೊಡಗಿದವು.

ಉತ್ತರ ಹುಡುಕಿ ಆಮೇಲೆ ಗ್ರಂಥಾಲಯಕ್ಕೆ ಹೋದೆವು. ತಾಯಿಚಿಟ್ಟೆ ಎಲೆಯ ಮೇಲೆ ಮುಂಗಾಲಿನಿಂದ ತಟ್ಟಿ ತಟ್ಟಿ ರುಚಿ ನೋಡುತ್ತದೆ. ಒಪ್ಪಿದರಷ್ಟೇ ಮೊಟ್ಟೆ. ಸಬ್ಬಸಿಗೆ, ಕ್ಯಾರೆಟ್, ಪಾರ್ಸ್ಲಿ ಒಂದೇ ಕುಟುಂಬದವು. ಮೆಂತ್ಯ, ಕರಿಬೇವು ಬೇರೆ. ನಮ್ಮ ಊರಿನ ನಿಂಬೆಚಿಟ್ಟೆಯ ಮರಿಯಾಗಿದ್ದರೆ ಆ ಕರಿಬೇವನ್ನೇ ಖುಷಿಯಿಂದ ತಿನ್ನುತ್ತಿತ್ತು! ಒಪ್ಪುವ ಗಿಡದಲ್ಲೂ ಎಳೆಯ, ಸಾರವುಳ್ಳ ಎಲೆ ಸಿಕ್ಕರೆ ಹುಳು ಬೇಗ ಬಲಿಯುತ್ತದೆ, ಚಿಟ್ಟೆ ದೊಡ್ಡದಾಗುತ್ತದೆ. ಬಲಿತ, ಒಣಕಲು ಎಲೆಯಾದರೆ ಬೆಳವಣಿಗೆ ನಿಧಾನ. ಅಷ್ಟೂ ದಿನ ಹಕ್ಕಿ, ಕಣಜಗಳ ಭಯ ಬೇರೆ.

ಮೊನಾರ್ಕ್ ಚಿಟ್ಟೆಯನ್ನು ನೀವೆಲ್ಲ ನೋಡಿದ್ದೀರಿ. ಅದರ ಮರಿಗೆ ಮಿಲ್ಕ್‌ವೀಡ್ ಬಿಟ್ಟರೆ ಗತಿಯಿಲ್ಲ. ನಮ್ಮ ಎಕ್ಕದ ಗಿಡದ ಬಂಧುವದು. ಅದರ ವಿಷವೇ ಹುಳುವಿಗೆ ರಕ್ಷೆ; ಆದರೆ ಆಗತಾನೇ ಹುಟ್ಟಿದ ಮರಿ ಅದರ ಹಾಲಿನಲ್ಲೇ ಅಂಟಿಕೊಂಡು ಸಾಯುವುದೂ ಉಂಟು. ಬದುಕಿದರೆ ಸುಮಾರು ಎರಡು ವಾರದಲ್ಲಿ ತೂಕ ಎರಡು ಸಾವಿರ ಪಟ್ಟು ಹೆಚ್ಚುತ್ತದೆ. 1996ರಿಂದ ಕಳೆನಾಶಕ ತಡೆಯುವ ಸೋಯಾ ಬೆಳೆ ಬಂದ ಮೇಲೆ ಮಧ್ಯಪಶ್ಚಿಮದ ಹೊಲಗಳಲ್ಲಿ ಮಿಲ್ಕ್‌ವೀಡ್ ಬಹಳ ಕಡಿಮೆಯಾಯಿತು. ಜೊತೆಗೆ ಯೂರೋಪಿನಿಂದ ಬಂದ ಸ್ವಾಲೋವರ್ಟ್ ಎಂಬ ಬಳ್ಳಿ ಈ ಕಡೆ ಹಬ್ಬಿದೆ. ಮಿಲ್ಕ್‌ವೀಡ್‌ನ ನೆಂಟನಾದ್ದರಿಂದ ಮೊನಾರ್ಕ್ ಮೋಸಹೋಗಿ ಅದರ ಮೇಲೆ ಮೊಟ್ಟೆಯಿಡುವುದುಂಟು. ಹುಟ್ಟಿದ ಮರಿಗಳು ಬದುಕುವುದಿಲ್ಲ.

ಹಾಗಾದರೆ ಹೊರಗಿನಿಂದ ಬಂದ ಗಿಡವೆಲ್ಲ ಕೆಟ್ಟದ್ದೇ? ಇಲ್ಲ. ಸಬ್ಬಸಿಗೆಯೂ ನಮ್ಮಂತೆಯೇ ಸಮುದ್ರ ದಾಟಿ ಬಂದದ್ದು. ಆದರೂ ಇಲ್ಲಿಯ ಚಿಟ್ಟೆ ಅದರಲ್ಲಿ ತನ್ನವರ ರುಚಿ ಕಂಡಿತು. ಅದು ಇಲ್ಲಿಯ ಮರಿಗಳನ್ನು ಸಾಕುತ್ತಿದೆ. ಎಲ್ಲಿಂದ ಬಂತೆಂದು ಹುಳು ಕೇಳುವುದಿಲ್ಲ, ತನಗೆ ಒಗ್ಗುವ ಅನ್ನ ಇದೆಯೇ ಎಂದಷ್ಟೇ ನೋಡುತ್ತದೆ. ಹೊಸ ನೆಲಕ್ಕೆ ಬಂದ ನಮಗೂ ಈ ಮಾತು ಹಿತವೆನಿಸಿತು.

ನಮ್ಮದೊಂದು ಕೋರಿಕೆ. ಮುಂದಿನ ವಸಂತದಲ್ಲಿ ಸಬ್ಬಸಿಗೆ ಸ್ವಲ್ಪ ಹೆಚ್ಚಾಗಿ ಬಿತ್ತಿ. ಬೇಲಿಯ ಬದಿಗೆ ಇಲ್ಲಿಯದೇ ಮಿಲ್ಕ್‌ವೀಡ್ ನೆಡಿ. ಹುಳು ಕಂಡೊಡನೆ ಔಷಧಿ ಹೊಡೆಯಬೇಡಿ, ಮಕ್ಕಳನ್ನು ಕರೆದು ತೋರಿಸಿ.

ನಮ್ಮ ನಾಲ್ಕರಲ್ಲಿ ಮೂರು ಚಿಟ್ಟೆಯಾಗಿ ಹಾರಿಹೋದವು. ಈಗ ನಮ್ಮಲ್ಲಿ ಎರಡು ಪಾತಿಗಳಿವೆ. ಒಂದು ರೊಟ್ಟಿಗೆ, ಇನ್ನೊಂದು ಅವಕ್ಕೆ. ಹಾಗೆಂದು ಹಂಚಿದವಳು ಮಗಳು.

ಇನ್ನು ಊಟಕ್ಕೆ ಏಳೋಣ.