ಬೆರ್ಬ್ಲಿಂಗಿನ ಮೂವರು ಹೆಂಗಸರು

(ಶತಮಾನೋತ್ಸವದ ಅಂಗವಾಗಿ ಶಾಲೆಯ ಚಿತ್ರಕಲಾ ಕೊಠಡಿಯನ್ನು ತೆರೆದ ದಿನ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಈ ಕೊಠಡಿಗಾಗಿ ಒಂದು ಚಿತ್ರದ ಮುದ್ರಿತ ಪ್ರತಿಯನ್ನು ಕಳುಹಿಸಿಕೊಟ್ಟಿದ್ದಾರೆ. ಮೂಲಚಿತ್ರವು ಆ ನಗರದ ಕುನ್ಸ್ಟ್‌ಹಾಲೆ ಕಲಾಸಂಗ್ರಹಾಲಯದಲ್ಲಿದೆ. ಹೆಸರು ‘ಚರ್ಚಿನಲ್ಲಿ ಮೂವರು ಹೆಂಗಸರು’. ರಚಿಸಿದವರು ವಿಲ್‌ಹೆಲ್ಮ್ ಲೈಬ್ಲ್. ಕಾಸರಗೋಡಿನ ಕನ್ನಡ ಶಾಲೆಯ ಗೋಡೆಗೆ ಇದು ಏಕೆ ಎಂದು ಕೆಲವರು ಕೇಳಿದರು. ಮೊಳೆ ಹೊಡೆಯುವ ಮೊದಲು ನಾವೂ ಹಾಗೆಯೇ ಕೇಳಿಕೊಂಡಿದ್ದೆವು.

ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ರೈತಜೀವನದ ಚಿತ್ರಗಳಿಗೆ ಬರವಿರಲಿಲ್ಲ. ಲುಡ್ವಿಗ್ ಕ್ನಾಉಸ್ ಹಳ್ಳಿಯ ಹಬ್ಬಗಳನ್ನೂ ಶವಯಾತ್ರೆಯನ್ನೂ ಚಿತ್ರಿಸಿದರು. ಫ್ರಾನ್ಸ್ ಡೆಫ್ರೆಗರ್ ಊಟಕ್ಕೆ ಮುಂಚೆ ಕೈಜೋಡಿಸುವ ಮಕ್ಕಳನ್ನು ಚಿತ್ರಿಸಿದರು. ಕಾರ್ಖಾನೆಗಳ ಹೊಗೆಯ ನಡುವೆ ಬದುಕುತ್ತಿದ್ದ ನಗರದ ಮಧ್ಯಮವರ್ಗಕ್ಕೆ ಇಂತಹ ಚಿತ್ರಗಳು ಬಲು ಪ್ರಿಯವಾಗಿದ್ದವು. 1853ರಲ್ಲಿ ಆರಂಭವಾದ ‘ಗಾರ್ಟನ್‌ಲಾಉಬೆ’ಯಂತಹ ಪತ್ರಿಕೆಗಳು ಅವುಗಳ ಅಚ್ಚುಗಳನ್ನು ಮನೆಮನೆಗೆ ಮುಟ್ಟಿಸಿದವು. ಕೈಚಳಕದಲ್ಲಿ ಅವು ಕಡಿಮೆಯವಲ್ಲ. ಡೆಫ್ರೆಗರ್ ಸ್ವತಃ ರೈತನ ಮಗ. ಆದರೂ ಅವುಗಳಲ್ಲಿ ಭಕ್ತಿಯೆಂದರೆ ಒಂದು ಸವಿಯಾದ ಕಥೆ. ಕೆಂಪು ಕೆನ್ನೆ, ಒಗೆದ ಬಟ್ಟೆ, ಕಿಟಕಿಯಿಂದ ಬೀಳುವ ಬೆಳಕು. ನೋಡುವವರ ಕಣ್ಣು ತಂಪಾಗುತ್ತದೆ.

ಲೈಬ್ಲ್ 1844ರಲ್ಲಿ ಕಲೋನ್ ನಗರದಲ್ಲಿ ಹುಟ್ಟಿದವರು. 1873ರಲ್ಲಿ ಮ್ಯೂನಿಕ್ ನಗರವನ್ನು ತೊರೆದು ಬವೇರಿಯದ ಹಳ್ಳಿಗಳಲ್ಲಿ ನೆಲೆಸಿದರು. 1878ರಲ್ಲಿ ಬೆರ್ಬ್ಲಿಂಗ್ ಎಂಬ ಹಳ್ಳಿಯ ಚರ್ಚಿನೊಳಗೇ ಈ ಚಿತ್ರವನ್ನು ತೊಡಗಿದರು. 113 ಸೆಂಟಿಮೀಟರ್ ಎತ್ತರ, 77 ಸೆಂಟಿಮೀಟರ್ ಅಗಲದ ಮರದ ಹಲಗೆಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಹಳ್ಳಿಯ ಹೆಂಗಸರು ಚಳಿಗಾಲದ ಥಂಡಿಯಲ್ಲಿಯೂ ಬಂದು ಅದೇ ಬೆಂಚಿನ ಮೇಲೆ ಕುಳಿತರು. ಅವರ ಸಹನೆಯೂ ಈ ಕೃತಿಯ ಅರ್ಧ ಪಾಲು ಎಂದು ನಮ್ಮ ಎಣಿಕೆ.

ಚಿತ್ರದಲ್ಲಿ ನಡೆಯುವುದು ಏನೂ ಇಲ್ಲ. ಪುಸ್ತಕ ಹಿಡಿದ ಒಬ್ಬ ತರುಣಿ, ಪುಸ್ತಕದಲ್ಲಿ ಮುಳುಗಿದ ಒಬ್ಬ ಮುದುಕಿ, ಮುಂದಕ್ಕೆ ಬಾಗಿ ಪ್ರಾರ್ಥಿಸುವ ಇನ್ನೊಬ್ಬಳು. ಯಾರೂ ನಮ್ಮತ್ತ ನೋಡುವುದಿಲ್ಲ. ಲೈಬ್ಲ್ ಮೊದಲೇ ರೇಖಾಚಿತ್ರ ಹಾಕದೆ, ಒಂದೊಂದೇ ಭಾಗವನ್ನು ಪೂರ್ಣಗೊಳಿಸುತ್ತ ಹೋಗುವವರು. ಆದ್ದರಿಂದ ತರುಣಿಯ ಪ್ರಮಾಣ ತಪ್ಪಿದೆ ಎಂದು ವಿಮರ್ಶಕರು ಆಕ್ಷೇಪಿಸಿದ್ದುಂಟು. ಇರಲಿ. ಆ ದೊಡ್ಡ, ದುಡಿದ ಕೈಗಳು ಪುಸ್ತಕವನ್ನು ಹಿಡಿದಿರುವ ರೀತಿಯಲ್ಲಿ ಸೋಗಿಲ್ಲ. ಇಲ್ಲಿ ಭಕ್ತಿಯೂ ಒಂದು ಕೆಲಸ. ಕೊಯ್ಲಿನಷ್ಟೇ ಗಮನವನ್ನು ಬೇಡುವ ಕೆಲಸ. ಚಿತ್ರ ಮುಗಿಯುವ ಮುನ್ನವೇ ನೋಡಬಂದ ರೈತರು ತಮಗರಿವಿಲ್ಲದೆ ಕೈಜೋಡಿಸಿದರೆಂದು ಲೈಬ್ಲ್ ತಾಯಿಗೆ ಪತ್ರ ಬರೆದರು. ಚಿತ್ರಕಾರರ ಮಾತಿಗಿಂತ ಆ ರೈತರ ಮಾತೇ ತಮಗೆ ಮೇಲು ಎಂದೂ ತಿಳಿಸಿದರು.

ಮುಂದೆ ನಾಜಿ ಆಳ್ವಿಕೆಯ ಕಾಲದಲ್ಲಿ ಇದೇ ರೈತಚಿತ್ರದ ಪರಂಪರೆಯನ್ನು ‘ರಕ್ತ ಮತ್ತು ನೆಲ’ ಎಂಬ ಘೋಷಣೆಯ ಸೇವೆಗೆ ಹಚ್ಚಿದರು. ಆಗಿನ ಚಿತ್ರಗಳಲ್ಲಿ ರೈತನು ಮನುಷ್ಯನಾಗಿ ಉಳಿಯದೆ ಜನಾಂಗದ ಮಾದರಿಗೊಂಬೆಯಾದನು.

ನಾವೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಶತಮಾನೋತ್ಸವದ ಮೆರವಣಿಗೆಯಲ್ಲಿ ಮಕ್ಕಳ ತಲೆಗೆ ಹಾಳೆಟೋಪಿ ಇಟ್ಟು, ಕೈಗೆ ಬಣ್ಣದ ಕಾಗದದ ಕತ್ತಿ ಕೊಟ್ಟು ‘ನಮ್ಮ ಹಳ್ಳಿ’ಯನ್ನು ಮೆರೆಸಿದೆವು. ನಿಜವಾಗಿ ಹಾಳೆಟೋಪಿ ತೊಟ್ಟು ತೋಟಕ್ಕೆ ಹೋಗುವ ಅಜ್ಜಂದಿರು ರಸ್ತೆಬದಿಯಲ್ಲಿ ನಿಂತು ನಗುತ್ತಿದ್ದರು. ಆ ನಗುವಿನಲ್ಲಿ ಸಂತೋಷವೆಷ್ಟಿತ್ತೋ, ಕನಿಕರವೆಷ್ಟಿತ್ತೋ! ಗಡಿನಾಡಿನ ಕನ್ನಡಿಗರಾದ ನಾವು ನಮ್ಮನ್ನು ಪ್ರದರ್ಶನಕ್ಕಿಡುವುದನ್ನು ಸ್ವಲ್ಪ ಬೇಗನೆ ಕಲಿತಿದ್ದೇವೆ ಎಂದು ಆ ದಿನ ತೋರಿತು.

ಕಳೆದ ವಾರ ಈ ಚಿತ್ರವನ್ನು ಜಗುಲಿಯ ಗೋಡೆಗೆ ಒರಗಿಸಿಟ್ಟಿದ್ದೆವು. ಮೊಮ್ಮಗಳನ್ನು ಕರೆದೊಯ್ಯಲು ಬಂದ ಅಜ್ಜಿಯೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತರು. ಯಾವ ದೇಶ, ಯಾವ ಮತ ಎಂದು ಅವರು ಕೇಳಲಿಲ್ಲ. ಮುದುಕಿಯನ್ನು ತೋರಿಸಿ, “ಇವರಿಗೆ ಓದಲು ಬರುತ್ತದೆ ಅಲ್ಲವೇ?” ಎಂದರು. ಹೌದೆಂದೆವು. ತಾವು ಇದೇ ಶಾಲೆಯಲ್ಲಿ ಎರಡನೆಯ ತರಗತಿಯವರೆಗೆ ಇದ್ದುದಾಗಿಯೂ, ತಮ್ಮನನ್ನು ನೋಡಿಕೊಳ್ಳಲು ಬಿಡಿಸಿದುದಾಗಿಯೂ ಹೇಳಿದರು. ಮರುದಿನ ಹಳೆಯ ದಾಖಲೆ ಪುಸ್ತಕವನ್ನು ತೆಗೆಸಿ ನೋಡಿದೆವು. ಹೆಸರಿತ್ತು, ಅದರ ಮೇಲೊಂದು ಕೆಂಪು ಗೆರೆಯಿತ್ತು. ಅದೇ ಪುಟದಲ್ಲಿ ಇನ್ನೂ ಏಳು ಹುಡುಗಿಯರ ಹೆಸರುಗಳ ಮೇಲೆ ಅಂತಹದೇ ಗೆರೆಗಳಿದ್ದವು.

ಆ ಅಜ್ಜಿ ಇಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಚಿತ್ರದ ಪರದೆಯನ್ನು ಅವರೇ ಸರಿಸಬೇಕೆಂದು ಪ್ರಾರ್ಥಿಸುತ್ತೇವೆ.